ಒಂದೇ ಸ್ಕ್ಯಾನ್ ನೋಡಿ ಗರ್ಭಕೋಶ ತೆಗೆಸಬೇಡಿ

ಮುಟ್ಟಿನಲ್ಲಿ ಜಾಸ್ತಿ ಹೋಗುತ್ತೆ, ಬಿಳಿ ಹೋಗುತ್ತೆ, ಸೊಂಟ ನೋಯುತ್ತೆ ಅಂತ ಹೋದವರಿಗೆ ಯಾರಾದರೂ ಅದೇ ದಿನ "ಗರ್ಭಕೋಶ ತೆಗೆಸಿಬಿಡಿ" ಎಂದರೆ, ದಯವಿಟ್ಟು ಸಹಿ ಹಾಕದೆ ಎದ್ದು ಬನ್ನಿ. ನಮ್ಮ ಅಕ್ಕನಿಗೆ ಆದದ್ದನ್ನು ಅವಳನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಆಗ 36 ವರ್ಷ. ತಾಲ್ಲೂಕಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಬಾವನ ಜೊತೆ ಹೋಗಿದ್ದಳು. ಸ್ಕ್ಯಾನ್ ಮಾಡಿದರು. ಗರ್ಭಕೋಶ ಸ್ವಲ್ಪ ದಪ್ಪಗಿದೆ, 2 ಸೆಂಟಿಮೀಟರಿನ ಗಡ್ಡೆ ಇದೆ ಎಂದು ರಿಪೋರ್ಟ್ ಬಂತು. "ಬಿಟ್ಟರೆ ಕ್ಯಾನ್ಸರ್ ಆಗುತ್ತೆ. ಮಕ್ಕಳು ಆಗಿದಾವಲ್ಲ, ಇನ್ನೇನಕ್ಕೆ ಬೇಕಮ್ಮ ಅದು?" ಎಂದರು ಡಾಕ್ಟರ್. ಕ್ಯಾನ್ಸರ್ ಅಂದ ಮೇಲೆ ಯಾರಿಗೆ ತಾನೇ ಧೈರ್ಯ ಇರುತ್ತೆ? ಅವ್ವ ತನ್ನ ಬೋರಮಾಳ ಒತ್ತೆ ಇಟ್ಟು ಅಡ್ವಾನ್ಸ್ ಕಟ್ಟಿದಳು. ಮರುದಿನವೇ ಆಪರೇಷನ್ ಆಯಿತು.

ಹೊಲಿಗೆ ಒಣಗಿತು. ಆದರೆ ಅಕ್ಕ ಮೊದಲಿನಂತಾಗಲಿಲ್ಲ. ರಾತ್ರಿ ಮೈಯೆಲ್ಲ ಬೆಂಕಿ ಹೊತ್ತಿದಂತಾಗಿ ಎದ್ದು ಕೂರುತ್ತಿದ್ದಳು, ರವಿಕೆ ಬೆವರಿಗೆ ತೊಯ್ದು ಹೋಗುತ್ತಿತ್ತು. ಕೀಲುನೋವು, ಸುಮ್ಸುಮ್ನೆ ಅಳು. ಮನೆಯವರೆಲ್ಲ ಆಪರೇಷನ್ ಸುಸ್ತು ಅಂದುಕೊಂಡರು. ಕೊನೆಗೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಡಾಕ್ಟರ್ ಅಕ್ಕನ ಡಿಸ್ಚಾರ್ಜ್ ಕಾರ್ಡ್ ನೋಡಿದರು. ಅದರಲ್ಲಿ ಗೀಚಿದ ಅಕ್ಷರದಲ್ಲಿ "ಟಿಎಎಚ್ ವಿತ್ ಬಿಎಸ್‌ಒ" ಎಂದಿತ್ತು. ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ, ಅಂಡನಾಳಗಳನ್ನೂ ತೆಗೆದಿದ್ದಾರೆ. ಇದನ್ನು ಅಕ್ಕನಿಗೂ ಹೇಳಿರಲಿಲ್ಲ, ಬಾವನಿಗೂ ಹೇಳಿರಲಿಲ್ಲ. ಅಂಡಾಶಯ ಹೋದರೆ ಹಾರ್ಮೋನ್ ಒಮ್ಮೆಲೇ ನಿಂತುಹೋಗುತ್ತೆ. ಐವತ್ತರ ಹತ್ತಿರ ಮೆಲ್ಲಗೆ ಬರಬೇಕಾದ ಮುಟ್ಟು ನಿಲ್ಲುವ ಕಾಲ 36ಕ್ಕೇ ರಾತ್ರೋರಾತ್ರಿ ಬಂದುಬಿಡುತ್ತೆ. ಮೂಳೆ ಸವೆಯುವುದು, ಹೃದಯದ ತೊಂದರೆ, ಎರಡರ ಅಪಾಯವೂ ಹೆಚ್ಚುತ್ತೆ.

ತೆಗೆದ ಗರ್ಭಕೋಶದ ಬಯಾಪ್ಸಿ ರಿಪೋರ್ಟನ್ನು ಬಾವ ಜಗಳಾಡಿ ತಂದರು. ಕ್ಯಾನ್ಸರಿನ ಸುಳಿವೂ ಇರಲಿಲ್ಲ. "ಕ್ರಾನಿಕ್ ಸರ್ವಿಸೈಟಿಸ್" ಎಂದಿತ್ತು, ಅಂದರೆ ಗರ್ಭಕಂಠದ ಹಳೇ ಉರಿಯೂತ. ತುಂಬಾ ಹೆಂಗಸರಲ್ಲಿ ಕಾಣುವಂಥದ್ದು. ಆ ಸಾಲನ್ನು ಓದಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ಮಾಂಸದ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತೆ. ಬಿಳಿ ಹೋಗುವುದು ಸೋಂಕಿನಿಂದಾದರೆ ಮಾತ್ರೆಯಲ್ಲಿ ವಾಸಿಯಾಗುತ್ತೆ. ಅಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಟೆಸ್ಟ್ ಮಾಡಲಿಲ್ಲ, ಥೈರಾಯ್ಡ್ ನೋಡಲಿಲ್ಲ. ಥೈರಾಯ್ಡ್ ಏರುಪೇರಿನಿಂದಲೂ ಬ್ಲೀಡಿಂಗ್ ಜಾಸ್ತಿ ಆಗುತ್ತೆ ಅಲ್ವಾ? ಬ್ಲೀಡಿಂಗ್ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ, ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವಂಥದ್ದು. ಕಾಪರ್-ಟಿ ಥರ ಒಳಗೆ ಇಡುವ ಹಾರ್ಮೋನ್ ಸಾಧನ ಮಿರೆನಾ ಕನಿಷ್ಠ 5 ವರ್ಷ ಬ್ಲೀಡಿಂಗ್ ಹಿಡಿತದಲ್ಲಿಡುತ್ತೆ. ಗಡ್ಡೆಯನ್ನಷ್ಟೇ ತೆಗೆಯಬಹುದು, ಅದಕ್ಕೆ ರಕ್ತ ಹೋಗುವ ನಾಳವನ್ನು ಮುಚ್ಚಿ ಕುಗ್ಗಿಸಲೂಬಹುದು. ಇವುಗಳಲ್ಲಿ ಒಂದರ ಹೆಸರನ್ನೂ ಅಕ್ಕನ ಮುಂದೆ ಯಾರೂ ಎತ್ತಲಿಲ್ಲ. ಕ್ಯಾನ್ಸರ್ ಇದ್ದಾಗ, ಗರ್ಭಕೋಶ ಪೂರ್ತಿ ಜಾರಿದಾಗ, ಯಾವ ಔಷಧಕ್ಕೂ ರಕ್ತ ನಿಲ್ಲದಾಗ ಆಪರೇಷನ್ ಬೇಕಾಗುತ್ತೆ, ಆಗ ಹೆದರಿ ಮುಂದೂಡಬೇಡಿ. ಆದರೆ ಅಂಥ ಸ್ಥಿತಿ ಇದೆ ಎಂದು ಇನ್ನೊಬ್ಬ ಸ್ತ್ರೀರೋಗ ತಜ್ಞರೂ ಹೇಳಲಿ. "ಅಂಡಾಶಯ ಉಳಿಸುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿ.

ಆಮೇಲಿನ ಆರೈಕೆ ಬಗ್ಗೆಯೂ ಸುಳ್ಳೇ ಹೇಳುತ್ತಾರೆ, "ಹತ್ತು ದಿನಕ್ಕೆ ಎದ್ದು ಓಡಾಡ್ತಾರೆ" ಅಂತ. ಹೊಟ್ಟೆ ಕೊಯ್ದವರಿಗೆ ಆರರಿಂದ ಎಂಟು ವಾರ ಬೇಕು. ತುಂಬಿದ ಕೊಡ, ಮೇವಿನ ಹೊರೆ ಮುಟ್ಟಲೇಬಾರದು. ನಮ್ಮ ಕಡೆ ಅಷ್ಟು ದಿನ ಯಾವ ಸೊಸೆಗೆ ಬಿಡುವು ಕೊಡುತ್ತಾರೆ?

ನಮ್ಮ ಮನೆಯೊಂದರ ಕಥೆಯಲ್ಲ ಇದು. ಕಲಬುರಗಿಯ ತಾಂಡಾಗಳಲ್ಲಿ, ರಾಣೆಬೆನ್ನೂರು ಕಡೆ ಹೀಗೆ ಬೇಡದ ಆಪರೇಷನ್ ಆಯಿತೆಂದು ಹೆಣ್ಣುಮಕ್ಕಳು ಬೀದಿಗಿಳಿದಿದ್ದಾರೆ. ಇಂಥದ್ದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಈಗಾಗಲೇ ಆಪರೇಷನ್ ಆಗಿದ್ದರೆ ಇವತ್ತೇ ಡಿಸ್ಚಾರ್ಜ್ ಕಾರ್ಡ್ ತೆಗೆದು ಬಿಎಸ್‌ಒ (BSO, ಅಂದರೆ ಎರಡೂ ಅಂಡಾಶಯ, ಅಂಡನಾಳ ತೆಗೆದದ್ದು) ಎಂದಿದೆಯಾ ನೋಡಿ. ಇದ್ದು, ವಯಸ್ಸು 45 ದಾಟಿಲ್ಲ ಎಂದರೆ ಹಾರ್ಮೋನ್ ಚಿಕಿತ್ಸೆ, ಕ್ಯಾಲ್ಸಿಯಂ, ಮೂಳೆ ಪರೀಕ್ಷೆ ಬಗ್ಗೆ ತಜ್ಞರನ್ನು ಕೇಳಿ. ಅಕ್ಕನಿಗೆ ಅದರಿಂದಲೇ ಈಗ ರಾತ್ರಿ ನಿದ್ದೆ ಬರುತ್ತಿದೆ. ದಾಖಲೆ ಕೊಡಲ್ಲ ಎಂದರೆ ಬರೆದು ಕೇಳಿ, 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ಇದೆ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ. ನಾವೂ ಕೊಟ್ಟಿದ್ದೇವೆ.