ಟಾಹೋ ಸರೋವರದಲ್ಲಿ ಟ್ರೌಟ್ ಹಿಡಿಯಲು ಹೊರಟವರು ದಯವಿಟ್ಟು ಇದನ್ನು ಓದಿ

ಜೂನ್ ತಿಂಗಳ ಮೊದಲ ವಾರದಲ್ಲಿ, ಟಾಹೋ ಸರೋವರದ ನಡುವೆ, ನನ್ನ ಭಾವ ದೋಣಿಯಿಂದ ನೀರಿಗೆ ಬಿದ್ದರು. ಹನ್ನೊಂದು ವರ್ಷದ ನನ್ನ ಮಗಳು ಅದನ್ನು ಕಣ್ಣಾರೆ ಕಂಡಳು. ಭಾವ ಈಗ ಕ್ಷೇಮವಾಗಿದ್ದಾರೆ, ಮೈಸೂರಿಗೆ ಮರಳಿದ್ದಾರೆ. ಆ ಹೊತ್ತಿನಲ್ಲಿ ನಮ್ಮಿಂದ ಕೂಗಳತೆಯಲ್ಲಿ ಇನ್ನೊಂದು ದೋಣಿ ಇಲ್ಲದೇ ಹೋಗಿದ್ದರೆ ಈ ಬರಹ ಹೀಗೆ ಆರಂಭವಾಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಬೇಸಿಗೆಯಲ್ಲಿ ಊರಿನಿಂದ ಬಂದ ನೆಂಟರನ್ನು ಟಾಹೋಗೆ ಕರೆದೊಯ್ಯುವುದು ವಾಡಿಕೆ. ಅಲ್ಲಿ ದೋಣಿಯೂ ಬಾಡಿಗೆಗೆ ಸಿಗುತ್ತದೆ, ಗಾಳವೂ ಸಿಗುತ್ತದೆ. ನಾನು ಮಾಡಿದ್ದನ್ನು ಬೇರೆ ಯಾರೂ ಮಾಡಬಾರದು ಎಂಬ ಕಾರಣಕ್ಕೆ ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆಯುತ್ತಿದ್ದೇನೆ.

ಟಾಹೋವನ್ನು ನೋಡದವರಿಗಾಗಿ ಎರಡು ಮಾತು. ಸಿಯೆರಾ ನೆವಾಡಾ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ 1,897 ಮೀಟರ್ ಎತ್ತರದಲ್ಲಿರುವ ಈ ಸರೋವರ 35 ಕಿಲೋಮೀಟರ್ ಉದ್ದ, 19 ಕಿಲೋಮೀಟರ್ ಅಗಲ ಇದೆ. ಅತಿ ಹೆಚ್ಚಿನ ಆಳ 501 ಮೀಟರ್. ಚಳಿಗಾಲದಲ್ಲೂ ಇದು ಹೆಪ್ಪುಗಟ್ಟುವುದಿಲ್ಲ, ಬೇಸಿಗೆಯಲ್ಲೂ ಅಷ್ಟಾಗಿ ಬೆಚ್ಚಗಾಗುವುದಿಲ್ಲ. ಜೂನ್ ಆರಂಭದಲ್ಲಿ ಮೇಲ್ಮೈ ನೀರು 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮ್ಯಾಕಿನಾ ಎಂದು ಕರೆಯುವ ಲೇಕ್ ಟ್ರೌಟ್ ಮೀನಿಗೆ ಈ ತಂಪು ಬಹಳ ಇಷ್ಟ. ಅದು ಇಲ್ಲಿಯ ಮೂಲನಿವಾಸಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಂದು ಬಿಟ್ಟ ಜಾತಿ. 1974ರಲ್ಲಿ ಇಲ್ಲಿ ಸಿಕ್ಕ ಒಂದು ಮ್ಯಾಕಿನಾ ಹದಿನೇಳು ಕಿಲೋಗ್ರಾಂ ಹತ್ತಿರ ತೂಗಿತ್ತು. ಇಂಥ ಮಾತುಗಳನ್ನು ಓದಿಯೇ ನನಗೆ ಆಸೆ ಹುಟ್ಟಿದ್ದು.

ಆ ಮೀನು ಬಹುಪಾಲು ದಿನ ಮೂವತ್ತು ಮೀಟರಿಗಿಂತ ಕೆಳಗೇ ಇರುತ್ತದೆ. ದಡದಲ್ಲಿ ಕೂತು ಗಾಳ ಎಸೆದರೆ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಟ್ರೋಲಿಂಗ್ ಮಾಡುತ್ತಾರೆ, ಎಂದರೆ ದೋಣಿಯನ್ನು ನಡಿಗೆಗಿಂತ ನಿಧಾನವಾಗಿ, ಗಂಟೆಗೆ ಎರಡೂವರೆ ಮೂರು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತ ಗಾಳವನ್ನು ಹಿಂದೆ ಎಳೆದುಕೊಂಡು ಹೋಗುವುದು. ಗಾಳ ಆಳಕ್ಕೆ ಇಳಿಯಲು ದೋಣಿಯ ಹಿಂಬದಿಯ ಮೂಲೆಗೆ ಡೌನ್‌ರಿಗ್ಗರ್ ಎಂಬ ರಾಟೆಯನ್ನು ಬಿಗಿದಿರುತ್ತಾರೆ. ಅದರಲ್ಲಿ ಉಕ್ಕಿನ ಸಣ್ಣ ತಂತಿ, ತಂತಿಯ ತುದಿಗೆ ನಾಲ್ಕೈದು ಕಿಲೋಗ್ರಾಂ ತೂಕದ ಸೀಸದ ಗುಂಡು. ಗಾಳದ ದಾರವನ್ನು ಒಂದು ಕ್ಲಿಪ್ಪಿನಿಂದ ಆ ತಂತಿಗೆ ಸಿಕ್ಕಿಸುತ್ತಾರೆ. ಮೀನು ಕಚ್ಚಿದರೆ ಕ್ಲಿಪ್ಪು ಬಿಟ್ಟುಕೊಳ್ಳುತ್ತದೆ, ದಾರ ಮಾತ್ರ ನಮ್ಮ ಕೈಗೆ ಬರುತ್ತದೆ. ಗುಂಡು ಕೆಳಗೇ ಉಳಿಯುತ್ತದೆ. ಈ ತಂತಿಯನ್ನು ನೆನಪಿನಲ್ಲಿಡಿ. ನಮ್ಮನ್ನು ಸಾವಿನ ಹತ್ತಿರಕ್ಕೆ ಒಯ್ದದ್ದು ಅದೇ.

ಟಾಹೋ ಸಿಟಿಯ ಹತ್ತಿರ ಒಂದು ಕಡೆ ಹದಿನೆಂಟು ಅಡಿಯ ಅಲ್ಯೂಮಿನಿಯಂ ದೋಣಿಯನ್ನು ಬಾಡಿಗೆಗೆ ಹಿಡಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಎಂಜಿನ್ ಇರುವ ದೋಣಿ ನಡೆಸುವವರೆಲ್ಲರಿಗೂ ಪರೀಕ್ಷೆ ಪಾಸಾಗಿ ಪಡೆದ ಬೋಟರ್ ಕಾರ್ಡ್ ಬೇಕು. ಬಾಡಿಗೆ ದೋಣಿ ನಡೆಸುವವರಿಗೆ ಅದರಿಂದ ವಿನಾಯಿತಿ ಇದೆ. ದೋಣಿಯ ಬಗ್ಗೆ ಏನೂ ತಿಳಿಯದವನು ಸರೋವರಕ್ಕೆ ಇಳಿಯುವುದು ಈ ವಿನಾಯಿತಿಯ ಬಾಗಿಲಿನಿಂದಲೇ ಎಂಬುದು ನನಗೆ ಈಗಲೂ ಸರಿಕಾಣುವುದಿಲ್ಲ. ಬಾಡಿಗೆಗೆ ಕೊಟ್ಟವರು ಎಂಜಿನ್ ಚಾಲೂ ಮಾಡುವುದನ್ನು ತೋರಿಸಿದರು, ಸೀಟಿನ ಕೆಳಗಿದ್ದ ಲೈಫ್ ಜಾಕೆಟ್‌ಗಳನ್ನು ತೋರಿಸಿದರು, ಡೌನ್‌ರಿಗ್ಗರ್ ಇಳಿಸುವುದನ್ನೂ ತೋರಿಸಿದರು. ಗುಂಡು ತಳಕ್ಕೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗಳು ಜಾಕೆಟ್ ತೊಟ್ಟಳು, ಏಕೆಂದರೆ ಆ ಗಾತ್ರದ ದೋಣಿಯಲ್ಲಿ ಹದಿಮೂರಕ್ಕಿಂತ ಕಡಿಮೆ ವಯಸ್ಸಿನವರು ತೊಡಲೇಬೇಕೆಂದು ಅಲ್ಲಿ ಕಾನೂನಿದೆ. ಭಾವ ಮತ್ತು ನಾನು ತೊಡಲಿಲ್ಲ. ಭಾವ ಕಪಿಲೆಯಲ್ಲಿ ಈಜಿ ಬೆಳೆದವರು, ತುಂಬಿದ ಹೊಳೆಯನ್ನು ದಾಟಿದವರು. ಅವರ ಈಜಿನ ಮೇಲೆ ನನಗೆ ಅಪಾರ ನಂಬಿಕೆಯಿತ್ತು.

ಬೆಳಿಗ್ಗೆ ಆರೂವರೆಗೆ ಹೊರಟಾಗ ನೀರು ಕನ್ನಡಿಯಂತಿತ್ತು. ಡಾಲರ್ ಪಾಯಿಂಟ್ ದಾಟಿ, ದಡದ ಕಡೆಯ ಆಳವಿಲ್ಲದ ಹಾಸು ಮುಗಿದು ತಳ ಪ್ರಪಾತದಂತೆ ಇಳಿಯುವ ಅಂಚನ್ನು ಹಿಡಿದು ಈಶಾನ್ಯಕ್ಕೆ ಸಾಗಿದೆವು. ಮ್ಯಾಕಿನಾ ಸಿಗುವುದು ಅಂಥ ಅಂಚಿನಲ್ಲೇ. ಒಂದು ಗಾಳವನ್ನು ಗುಂಡಿನೊಂದಿಗೆ ನಲವತ್ತೈದು ಮೀಟರ್ ಆಳಕ್ಕೆ ಇಳಿಸಿದ್ದೆವು. ಇನ್ನೊಂದನ್ನು ಭಾರವಿಲ್ಲದೆ ಮೇಲ್ನೀರಿನಲ್ಲಿ ಐವತ್ತು ಮೀಟರ್ ಹಿಂದೆ ಬಿಟ್ಟಿದ್ದೆವು. ಎಂಟು ಗಂಟೆಯ ಹೊತ್ತಿಗೆ ಒಂದೂವರೆ ಕಿಲೋದ ಮ್ಯಾಕಿನಾ ಬಂತು. ಮಗಳು ರೀಲ್ ಸುತ್ತಿದಳು, ಭಾವ ಬಲೆ ಹಿಡಿದರು. ಆ ಸಂತೋಷದಲ್ಲಿ ಇನ್ನೊಂದು, ಇನ್ನೊಂದು ಎಂದು ಹತ್ತೂವರೆ ಆಗಿಹೋಯಿತು.

ಬೇಸಿಗೆಯ ದಿನಗಳಲ್ಲಿ ಟಾಹೋ ಮೇಲೆ ನೈರುತ್ಯದ ಗಾಳಿ ಹೊತ್ತೇರಿದ ಮೇಲೆ ಎದ್ದು ಮಧ್ಯಾಹ್ನ ಬಲಿಯುತ್ತದೆ. ಇದು ಅಲ್ಲಿನ ಮೀನುಗಾರರಿಗೆಲ್ಲ ಗೊತ್ತು, ನಾನೂ ಓದಿದ್ದೆ. ಓದಿದ್ದರೂ ತಿಳಿಯದೇ ಹೋದದ್ದು ಏನೆಂದರೆ, ಪಶ್ಚಿಮದ ದಡದ ಬಳಿ ಬೆಟ್ಟದ ಮರೆಯಿರುವುದರಿಂದ ಗಾಳಿ ಎದ್ದದ್ದು ಮೊದಲಿಗೆ ಗೊತ್ತಾಗುವುದೇ ಇಲ್ಲ. ಅದೇ ಗಾಳಿ ಸರೋವರದ ಉದ್ದಕ್ಕೂ ನೀರನ್ನು ತಳ್ಳಿಕೊಂಡು ಬಂದು ಉತ್ತರದ ಕಡೆ ದೊಡ್ಡ ಅಲೆಗಳಾಗಿ ಏಳುತ್ತದೆ. ನಾವಿದ್ದದ್ದು ಉತ್ತರದಲ್ಲಿ. ಹೋಗುವಾಗ ಗಾಳಿ ಬೆನ್ನಿಗಿತ್ತು, ಆದ್ದರಿಂದ ಎಲ್ಲವೂ ಹಗುರವಾಗಿತ್ತು. ಮರಳುವ ದಾರಿಯುದ್ದಕ್ಕೂ ಅಲೆಗೆ ಎದುರಾಗಬೇಕಿತ್ತು. ಆ ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ. ಪ್ರತಿ ಮುನ್ನೂರು ಮೀಟರ್ ಏರಿಗೆ ಸುಮಾರು ಶೇಕಡಾ ಮೂರರಷ್ಟು ಎಂಬುದು ವಾಡಿಕೆಯ ಲೆಕ್ಕ.

ದೂರದಲ್ಲಿ ಬಿಳಿ ನೊರೆ ಕಂಡಿತು. ನಾನು ಗಾಬರಿಯಲ್ಲಿ ಗಾಳಗಳನ್ನು ಮೇಲೆತ್ತದೆಯೇ ದೋಣಿಯನ್ನು ಗಕ್ಕನೆ ತಿರುಗಿಸಿದೆ. ಅಲ್ಲಿಂದ ಮುಂದೆ ಆದದ್ದೆಲ್ಲಕ್ಕೂ ಇದೇ ಮೂಲ. ಟ್ರೋಲಿಂಗ್ ದೋಣಿ ತಿರುಗುವಾಗ ತಿರುವಿನ ಒಳಗಡೆಯ ಗಾಳ ವೇಗ ಕಳೆದುಕೊಂಡು ಮುಳುಗುತ್ತದೆ, ಹೊರಗಡೆಯದು ವೇಗ ಪಡೆದು ಮೇಲೇರುತ್ತದೆ. ತಿರುವು ದೊಡ್ಡದಾಗಿದ್ದರೆ ಎರಡೂ ತಮ್ಮ ತಮ್ಮ ದಾರಿಯಲ್ಲಿ ಬರುತ್ತವೆ. ನನ್ನ ತಿರುವಿನಲ್ಲಿ ಮೇಲಿನ ದಾರ ಹೋಗಿ ಡೌನ್‌ರಿಗ್ಗರ್ ತಂತಿಗೆ ಸುತ್ತಿಕೊಂಡಿತು. ಎಂಜಿನ್ನನ್ನು ನ್ಯೂಟ್ರಲ್‌ಗೆ ಹಾಕಿ ಮೂವರೂ ಬಿಡಿಸಲು ಕೂತೆವು. ಏಳೆಂಟು ನಿಮಿಷ ಹಾಗೇ ಕಳೆಯಿತು. ಅಷ್ಟರಲ್ಲಿ ಗಾಳಿ ನಮ್ಮನ್ನು ಕಾರ್ನೀಲಿಯನ್ ಕೊಲ್ಲಿಯ ಕಡೆಯ ಹಾಸಿನ ಮೇಲಕ್ಕೆ ತಳ್ಳಿತ್ತು. ಆಳ ತೋರಿಸುವ ಯಂತ್ರ ಅರುವತ್ತು ಮೀಟರಿನಿಂದ ನಲವತ್ತಕ್ಕೆ, ಮೂವತ್ತಕ್ಕೆ ಇಳಿಯುತ್ತಿದ್ದುದನ್ನು ನಾವ್ಯಾರೂ ನೋಡಲಿಲ್ಲ. ನಲವತ್ತೈದು ಮೀಟರ್ ಕೆಳಗಿದ್ದ ಗುಂಡು ಪ್ರಪಾತದ ಬಂಡೆಗಳ ನಡುವೆ ಸಿಕ್ಕಿಕೊಂಡಿತು.

ಮುಂಭಾಗದಿಂದ ಲಂಗರು ಹಾಕಿದ ದೋಣಿ ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ, ಏರಿ ಇಳಿಯುತ್ತದೆ. ಬಂಡೆಗೆ ಸಿಕ್ಕಿಕೊಂಡ ಗುಂಡೇ ನಮಗೆ ಲಂಗರಾಯಿತು, ಅದೂ ಹಿಂಭಾಗದಿಂದ. ದೋಣಿಯ ಹಿಂಬದಿ ತಗ್ಗು, ಎಂಜಿನ್ನಿನ ಭಾರವೂ ಅಲ್ಲೇ, ಮೂವರೂ ಅಲ್ಲೇ ಕೂತಿದ್ದೆವು. ತಂತಿ ಬಿಗಿದುಕೊಂಡು ಹಿಂಬದಿಯನ್ನು ಇನ್ನಷ್ಟು ಕೆಳಕ್ಕೆ ಎಳೆಯಿತು. ಅಲೆಗಳು ನೇರವಾಗಿ ಆ ತಗ್ಗಿನ ಮೇಲೆ ಬಂದವು. ಮೊದಲನೆಯ ಅಲೆಗೆ ಪಾದ ಒದ್ದೆಯಾಯಿತು. ಮೂರನೆಯದಕ್ಕೆ ಮೀನಿನ ಬುಟ್ಟಿ ತೇಲಿತು. ಎಂಜಿನ್ ಮುಂದಕ್ಕೆ ಓಡಿಸಿದಷ್ಟೂ ತಂತಿ ಇನ್ನೂ ಬಿಗಿಯಿತು. ಹಿಂದಕ್ಕೆ ಓಡಿಸಿದರೆ ನೀರು ಒಳಗೇ ಸುರಿಯಿತು. ಕತ್ತರಿಸೋಣವೆಂದರೆ ಇದ್ದದ್ದು ತರಕಾರಿ ಹೆಚ್ಚುವಂಥ ಒಂದು ಚಾಕು. ಉಕ್ಕಿನ ತಂತಿಯ ಮೇಲೆ ಅದು ಜಾರಿತು.

ಭಾವ ಎದ್ದು ನಿಂತು ತಂತಿಯನ್ನು ಕೈಯಿಂದ ಜಗ್ಗತೊಡಗಿದರು. "ಭಾವ, ಬೇಡ, ಕೂತುಕೊಳ್ಳಿ" ಎಂದೆ. ಒಂದು ಅಲೆ ಹಿಂಬದಿಯನ್ನು ಎತ್ತಿ ಇಳಿಸಿತು. ಸಡಿಲವಾದ ತಂತಿ ಮರುಕ್ಷಣ ಛಟ್ಟನೆ ಬಿಗಿಯಿತು, ಭಾವ ತಲೆಕೆಳಗಾಗಿ ಹೋದರು.

ಅವರು ಮೇಲೆ ಬಂದಾಗ ಮುಖದಲ್ಲಿ ನಾನು ಎಂದೂ ಕಾಣದ ಭಯವಿತ್ತು. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ, ಮೇಲಿಂದ ಮೇಲೆ ಏದುಸಿರು ಎಳೆಯುತ್ತಿದ್ದರು. ಹೊಳೆ ದಾಟಿದ ಆ ತೋಳುಗಳು ಸುಮ್ಮನೆ ನೀರನ್ನು ಬಡಿಯುತ್ತಿದ್ದವು. ಕೊರೆಯುವ ನೀರು ಮೈಗೆ ತಗುಲಿದ ಕ್ಷಣ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಅದನ್ನು ತಡೆಯಲು ಯಾರಿಗೂ ಆಗುವುದಿಲ್ಲ. ಆಗ ಬಾಯಿ ನೀರೊಳಗಿದ್ದರೆ ಅಲ್ಲಿಗೆ ಮುಗಿಯಿತು. ಉಸಿರು ಹತೋಟಿಗೆ ಬರಲು ಸುಮಾರು ಒಂದು ನಿಮಿಷ ಬೇಕು, ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ ಎಂದು ತಣ್ಣೀರಿನ ರಕ್ಷಣೆಯನ್ನು ಕಲಿಸುವವರು ಹೇಳಿಕೊಡುತ್ತಾರೆ. ಬೆಚ್ಚನೆಯ ಹೊಳೆಯಲ್ಲಿ ಕಲಿತ ಈಜು ಆ ಮೊದಲ ನಿಮಿಷದಲ್ಲಿ ಕೈಗೆ ಬರುವುದಿಲ್ಲ.

ನನ್ನನ್ನು ಇಂದಿಗೂ ರಾತ್ರಿ ಎಬ್ಬಿಸುವ ಸಂಗತಿ ಬೇರೆ. ಅಲೆಗಳು ಭಾವನನ್ನು ದೋಣಿಯ ಪಕ್ಕದಿಂದ ಮುಂದಕ್ಕೆ, ಮೂತಿಯ ಆಚೆಗೆ ಒಯ್ಯುತ್ತಿದ್ದವು. ದೋಣಿ ಕಟ್ಟಿಹಾಕಿದಂತೆ ನಿಂತಲ್ಲೇ ನಿಂತಿತ್ತು. ಎಂಜಿನ್ ಓಡುತ್ತಿದ್ದರೂ ನಾನು ಅವರ ಬಳಿಗೆ ಒಂದು ಮಾರು ಹೋಗಲಾರದವನಾಗಿದ್ದೆ. ಸೀಟಿನ ಕೆಳಗಿನ ಜಾಕೆಟ್ ತೆಗೆಯಲು ಅದರ ಮೇಲೆ ತುರುಕಿದ್ದ ಎರಡು ಚೀಲಗಳನ್ನು ಮೊದಲು ಎಳೆದು ಹಾಕಬೇಕಾಯಿತು. ಮಗಳು "ಮಾವಾ, ಮಾವಾ" ಎಂದು ಕೂಗುತ್ತಲೇ ಇದ್ದಳು. ನಾನು ಎಸೆದ ಎರಡನೆಯ ಜಾಕೆಟ್ ಅವರ ಕೈಗೆ ಸಿಕ್ಕಿತು. ತೊಟ್ಟುಕೊಳ್ಳಲು ಆಗಲಿಲ್ಲ, ಅಪ್ಪಿ ಹಿಡಿದುಕೊಂಡರು.

ಆ ಕೂಗು ಕೇಳಿ ಬಂದವರು ಒಬ್ಬ ವೃದ್ಧ ಮೀನುಗಾರರು. ಅವರೂ ಅಂಚಿನಲ್ಲೇ ಟ್ರೋಲಿಂಗ್ ಮಾಡುತ್ತಿದ್ದವರು. ತಮ್ಮ ಗಾಳಗಳನ್ನು ಕತ್ತರಿಸಿ ಬಿಟ್ಟು ನೇರವಾಗಿ ಭಾವನ ಬಳಿಗೆ ಹೋದರು, ಹತ್ತಿರವಾದಾಗ ಎಂಜಿನ್ ಪೂರ್ತಿ ನಿಲ್ಲಿಸಿದರು, ಹಗ್ಗ ಎಸೆದರು. ಬಿದ್ದು ಐದಾರು ನಿಮಿಷವಾಗಿತ್ತಷ್ಟೆ. ಅಷ್ಟಕ್ಕೇ ಭಾವನ ಬೆರಳುಗಳು ಹಗ್ಗವನ್ನು ಹಿಡಿಯದಾಗಿದ್ದವು. ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಮೇಲೆ ಅವರನ್ನು ಏಣಿಯ ಹತ್ತಿರಕ್ಕೆ ಎಳೆದು ಹತ್ತಿಸಿಕೊಂಡರು. ಆಮೇಲೆ ನಮ್ಮ ಬಳಿಗೆ ಬಂದು ಒಂದು ಕಟಿಂಗ್ ಪ್ಲೈಯರ್ ಕೈಗಿಟ್ಟರು. ಒಂದೇ ಅದುಮಿಗೆ ತಂತಿ ತುಂಡಾಯಿತು. ದೋಣಿಯ ಹಿಂಬದಿ ಆ ಕ್ಷಣವೇ ಮೇಲೆದ್ದದ್ದು ನನ್ನ ಕಾಲಿಗೆ ತಿಳಿಯಿತು.

2025ರ ಜೂನ್ 21ರಂದು ಇದೇ ಸರೋವರದ ನೈರುತ್ಯ ದಡದ ಬಳಿ, ಹತ್ತು ಜನರಿದ್ದ 27 ಅಡಿಯ ದೋಣಿಯೊಂದು ಏಕಾಏಕಿ ಎದ್ದ ಬಿರುಗಾಳಿಗೆ ಮಗುಚಿ ಎಂಟು ಮಂದಿ ತೀರಿಕೊಂಡರು. ನಮ್ಮದಕ್ಕಿಂತ ದೊಡ್ಡ ದೋಣಿ ಅದು. ಆ ಸುದ್ದಿ ಓದಿದ್ದ ನಾನು ಅದನ್ನು ಬಿರುಗಾಳಿಯ ಮಾತು ಎಂದುಕೊಂಡಿದ್ದೆ. ನಮ್ಮ ಮೇಲೆ ಬಂದದ್ದು ಬಿರುಗಾಳಿಯಲ್ಲ, ಅಲ್ಲಿಯ ನಿತ್ಯದ ಗಾಳಿ. ಗಾಳಿ ಎದ್ದಾಗ ಬರಿದೋಣಿಯಾದರೆ ಓಡಿಹೋಗಬಹುದು. ಟ್ರೋಲಿಂಗ್ ದೋಣಿಗೆ ನೀರೊಳಗೆ ಬೇರುಗಳಿರುತ್ತವೆ. ಆದ್ದರಿಂದ ನೊರೆ ಕಂಡ ಮೇಲೆ ಗಾಳ ಎತ್ತುವುದಲ್ಲ, ಒಂಬತ್ತೂವರೆಗೇ ಗಾಳಗಳೆಲ್ಲ ಒಳಗಿರಬೇಕು, ಮೀನು ಕಚ್ಚುತ್ತಿದ್ದರೂ ಸರಿ.

ಉಕ್ಕಿನ ತಂತಿ ಕತ್ತರಿಸುವ ಪ್ಲೈಯರನ್ನು ಡೌನ್‌ರಿಗ್ಗರ್ ಪಕ್ಕದಲ್ಲೇ ದಾರದಿಂದ ಕಟ್ಟಿರಿ. ಚೀಲದೊಳಗಿದ್ದರೆ ಇಲ್ಲದಂತೆಯೇ ಲೆಕ್ಕ. ಕೈಯಿಂದ ತಿರುಗಿಸುವ ಹಲವು ಡೌನ್‌ರಿಗ್ಗರ್‌ಗಳಲ್ಲಿ ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ಬ್ರೇಕ್ ಸಡಿಲಗೊಂಡು ತಂತಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಷ್ಟು ತಿಳಿದಿದ್ದರೆ ನಾನು ತಂತಿಯನ್ನು ಸಡಿಲಬಿಟ್ಟು ದೋಣಿಯ ಮೂತಿಯನ್ನು ಅಲೆಗೆ ತಿರುಗಿಸಬಹುದಿತ್ತು. ಬಾಡಿಗೆಗೆ ಕೊಡುವವರ ಎದುರಿನಲ್ಲೇ ಇದನ್ನು ನೀವೇ ಒಮ್ಮೆ ಮಾಡಿ ನೋಡಿ, ಅವರಿಗೆ ಬೇಸರವಾದರೂ ಚಿಂತೆಯಿಲ್ಲ. ಜಾಕೆಟ್ ಎಲ್ಲರ ಮೈಮೇಲೆ ಇರಲಿ. ಒಬ್ಬರ ಕಣ್ಣು ಸದಾ ಆಳದ ಅಂಕಿಯ ಮೇಲಿರಲಿ, ಅದರಲ್ಲೂ ದಾರ ಸಿಕ್ಕಾದಾಗ. ಸಿಕ್ಕು ಬಿಡಿಸುವ ಗೋಜಿಗೆ ಹೋಗಬೇಡಿ, ದಾರವನ್ನು ಕತ್ತರಿಸಿ, ಗುಂಡನ್ನು ಮೊದಲು ಮೇಲೆತ್ತಿ. ಮೊಬೈಲ್ ಒದ್ದೆಯಾಗದ ಚೀಲದಲ್ಲಿ ಕೊರಳಲ್ಲೇ ಇರಲಿ. ನನ್ನದು ಮೀನಿನ ಬುಟ್ಟಿಯ ಪಕ್ಕದಲ್ಲಿ ನೀರಿನಲ್ಲಿ ಬಿದ್ದಿತ್ತು. ದೋಣಿಯಲ್ಲಿ ವಿಎಚ್ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್‌ನಲ್ಲಿ ಕರೆದರೆ ಕರಾವಳಿ ರಕ್ಷಣಾ ಪಡೆಗೆ ಕೇಳಿಸುತ್ತದೆ. ಟಾಹೋದಲ್ಲಿ ಅವರದೊಂದು ಠಾಣೆಯೇ ಇದೆ.

ಮೊದಲ ಸಲ ಹೋಗುವವರಿಗೆ ಇನ್ನೊಂದು ಮಾತು. ಜೂನ್‌ನ ಮುಂಜಾವಿನಲ್ಲಿ ಮೇಲ್ನೀರು ಇನ್ನೂ ತಂಪಾಗಿರುವಾಗ ರೇನ್‌ಬೋ ಮತ್ತು ಬ್ರೌನ್ ಟ್ರೌಟ್ ಮೀನುಗಳು ಮೇಲೆಯೇ ಓಡಾಡುತ್ತವೆ. ಅವುಗಳಿಗೆ ಗುಂಡೂ ಬೇಡ, ಉಕ್ಕಿನ ತಂತಿಯೂ ಬೇಡ. ಒಂದೇ ಗಾಳ, ನಲವತ್ತು ಐವತ್ತು ಮೀಟರ್ ದಾರ, ದಡ ಕಾಣುವಷ್ಟು ದೂರ ಸಾಕು. ಡೌನ್‌ರಿಗ್ಗರನ್ನು ಬಿಚ್ಚಿ ದಡದಲ್ಲೇ ಇಟ್ಟುಕೊಳ್ಳಲು ಬಾಡಿಗೆಯವರಿಗೆ ಹೇಳಿ.