ಸ್ಯಾನ್ ಆಂಡ್ರಿಯಾಸ್: ಪಿಸಿ ಆವೃತ್ತಿಯೋ, ಎಮ್ಯುಲೇಟರೋ?

ವಿಜಯಪುರದ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡಿದವರಿಗೆ ಈಗ ಎರಡು ದಾರಿ. 2005ರ ಪಿಸಿ ಆವೃತ್ತಿ ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಆಟವನ್ನು ಬೇಕಾದಂತೆ ಬದಲಿಸುವ ಮಾಡ್‌ಗಳೂ ಬೇಕಾದಷ್ಟಿವೆ. ಆದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕೆಂದು ಮಿತಿ ಹಾಕುವ ಫ್ರೇಮ್ ಲಿಮಿಟರ್ ಆಫ್ ಮಾಡಬೇಡಿ. ಮಾಡಿದರೆ ಆಟದ ನಾಯಕ ಸಿಜೆ ನೀರಲ್ಲಿ ಸುಮ್ನೆ ಕೈಕಾಲು ಬಡಿಯುತ್ತಾನೆ, ಮುಂದೆ ಹೋಗುವುದೇ ಕಷ್ಟ. 2004ರ ಪಿಎಸ್2 (ಪ್ಲೇಸ್ಟೇಷನ್ 2 ಕನ್ಸೋಲ್) ಆಟದ ದೃಶ್ಯಗಳಲ್ಲಿದ್ದ ಆ ಕಿತ್ತಳೆ ಮಬ್ಬೂ ಇದರಲ್ಲಿಲ್ಲ. ನನಗೆ ಅದೇ ದೊಡ್ಡ ಕೊರತೆ.

ಆ ಬಣ್ಣ ಬೇಕೆಂದರೆ ಪಿಎಸ್2 ಆಟಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ ಪಿಸಿಎಸ್ಎಕ್ಸ್2 ಎಮ್ಯುಲೇಟರ್. ನಿಮ್ಮದೇ ಡಿಸ್ಕ್, ನಿಮ್ಮದೇ ಕನ್ಸೋಲಿನ ಬಯೋಸ್ (ಅದನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್) ಬೇಕು. ಮಿಷನ್ ನಡುವೆಯೇ ಸೇವ್ ಮಾಡಬಹುದು. ಪದೇ ಪದೇ ಸೋಲಿಸುತ್ತಿದ್ದ ಆ ರೈಲಿನ ಮಿಷನ್ ನೆನಪಿದೆ ಅಲ್ವಾ? ಪ್ರೊಸೆಸರ್‌ಗೆ ಮಾತ್ರ ಭಾರ ಜಾಸ್ತಿ. ನಮ್ಮೂರಿನ ಮೇ ಬಿಸಿಲಲ್ಲಿ ಫ್ಯಾನ್ ಒಂದೇ ಸಮನೆ ಕಿರುಚುತ್ತದೆ. ಹಳೇ ಮಷೀನಾದರೆ ಪಿಸಿ ಆವೃತ್ತಿಯೇ ಸರಿ. ಗಟ್ಟಿ ಮಷೀನಿದ್ದರೆ ನಾನಂತೂ ಎಮ್ಯುಲೇಟರ್ ಹಾಕುತ್ತೇನೆ.