ಎಸ್‌ಆರ್‌ವಿ 250, ಕ್ಲಬ್‌ಮನ್, ಎಸ್ಟ್ರೆಲಾ: ಮೂರನ್ನೂ ಓಡಿಸಿದ ಮೇಲೆ

ಜಪಾನಿನಲ್ಲಿ 250 ಸಿಸಿವರೆಗಿನ ಬೈಕುಗಳಿಗೆ ನಿಯತಕಾಲಿಕ ವಾಹನ ತಪಾಸಣೆಯ ಕಡ್ಡಾಯವಿಲ್ಲ, 125 ಸಿಸಿ ಮೀರಿದ್ದರೆ ಎಕ್ಸ್‌ಪ್ರೆಸ್‌ವೇಯಲ್ಲೂ ಓಡಿಸಬಹುದು. ಹಳೆಯ ಚೆಲುವಿನ ಸಣ್ಣ ಬೈಕುಗಳಿಗೆ ಇಲ್ಲಿ ಬೇಡಿಕೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಯೊಕೊಹಾಮಾದಲ್ಲಿ ಈಗ ಅಪರೂಪವಾಗಿರುವ ಯಮಹಾ ಎಸ್‌ಆರ್‌ವಿ 250 ಒಂದು ಮಾರಾಟಕ್ಕೆ ಬಂದಾಗ, ಅದಕ್ಕೆ ಸಾಟಿಯೆನಿಸುವ ಹೋಂಡಾ ಜಿಬಿ 250 ಕ್ಲಬ್‌ಮನ್ ಮತ್ತು ಕವಾಸಾಕಿ ಎಸ್ಟ್ರೆಲಾಗಳನ್ನೂ ಶೋನಾನ್ ಕಡಲತೀರದ ರಸ್ತೆಯಲ್ಲಿ ಹಾಗೂ ಹಕೋನೆ ಬೆಟ್ಟದ ಏರುಗಳಲ್ಲಿ ಓಡಿಸಿ ನೋಡಿದೆ.

1992ರಲ್ಲಿ ಬಂದ ಎಸ್ಟ್ರೆಲಾ ಮೂರರಲ್ಲಿ ಅತ್ಯಂತ ಸೌಮ್ಯ. ಇದರ ಒಂದೇ ಸಿಲಿಂಡರಿನ ವ್ಯಾಸ 66 ಮಿ.ಮೀ., ಪಿಸ್ಟನ್ನಿನ ಓಟ ಅದಕ್ಕಿಂತ ಹೆಚ್ಚು, 73 ಮಿ.ಮೀ. ಇರುವುದರಿಂದ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಎಳೆತ ಸಿಗುತ್ತದೆ. ಪೇಟೆಯ ಸಿಗ್ನಲ್ಲುಗಳ ನಡುವೆ ಇದಕ್ಕಿಂತ ಹಿತವಾದ ಸವಾರಿ ಇಲ್ಲ, ಆದರೆ ಹಕೋನೆಯ ಏರಿನಲ್ಲಿ 20 ಅಶ್ವಶಕ್ತಿ ಬೇಗ ಮುಗಿದುಹೋಗುತ್ತದೆ. 2017ರವರೆಗೂ ತಯಾರಾದ ಕಾರಣ ಬಿಡಿಭಾಗಗಳ ಚಿಂತೆ ಕಡಿಮೆ.

ಕ್ಲಬ್‌ಮನ್‌ನ ಗುಣ ಇದಕ್ಕೆ ನೇರ ವಿರುದ್ಧ. 1983ರ ಕೊನೆಯಲ್ಲಿ ಹೊರಬಂದ ಇದಕ್ಕೂ ಒಂದೇ ಸಿಲಿಂಡರ್, ಆದರೆ ವ್ಯಾಸ 72, ಓಟ 61.3 ಮಿ.ಮೀ.; ಮೇಲೆ ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಅರಳಿದ ದಳಗಳಂತೆ ಹೊರಮುಖವಾಗಿ ಬಾಗಿ ನಿಂತ ನಾಲ್ಕು ವಾಲ್ವು. ಕೆಳಗಿನ ವೇಗದಲ್ಲಿ ಇದು ಒಲ್ಲದ ಮನಸ್ಸಿನಿಂದ ಓಡುತ್ತದೆ, ಥ್ರಾಟಲ್ ತಿರುವಿ ಎಂಜಿನ್ನನ್ನು ಏರಿಸಿದಾಗ ಮಾತ್ರ ತನ್ನ 30 ಅಶ್ವಶಕ್ತಿಯನ್ನು ತೋರುತ್ತದೆ. ತಿರುವುಗಳಲ್ಲಿ ಇದು ಕೊಟ್ಟ ಉಲ್ಲಾಸವನ್ನು ಉಳಿದೆರಡೂ ಕೊಡಲಿಲ್ಲ. ಆದರೂ ದಿನವೂ ಗೇರಿನ ಜತೆ ದುಡಿಯುತ್ತಲೇ ಇರಬೇಕಾದ ಬೈಕು ನನಗೆ ಬೇಡ.

ಎಸ್‌ಆರ್‌ವಿಯ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಎರಡು ಸಿಲಿಂಡರುಗಳು ವಿ ಆಕಾರದಲ್ಲಿ ನಿಂತ ಇದರ 60 ಡಿಗ್ರಿ ವಿ-ಟ್ವಿನ್ ಎಂಜಿನ್ ಮೂಲತಃ ಯಮಹಾದ್ದೇ ಆದ ವಿರಾಗೊ 250 ಕ್ರೂಸರಿನದು. ಇಲ್ಲಿ ಪ್ರತಿ ಸಿಲಿಂಡರಿಗೂ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಬೇರೆ ಕಾರ್ಬ್ಯುರೇಟರ್ ಕೊಟ್ಟು 27 ಅಶ್ವಶಕ್ತಿ ಪಡೆದಿದ್ದಾರೆ. 49 ಮಿ.ಮೀ. ವ್ಯಾಸಕ್ಕೆ 66 ಮಿ.ಮೀ. ಓಟವಿರುವ ಈ ಪುಟ್ಟ ಸಿಲಿಂಡರುಗಳು ಎಸ್ಟ್ರೆಲಾದಂತೆ ಕೆಳಗಿನಿಂದಲೇ ಎಳೆಯುತ್ತವೆ, ಮೇಲಕ್ಕೇರಿದಾಗಲೂ ಒಂಟಿ ಸಿಲಿಂಡರಿನ ಬಡಿತದ ಬದಲು ಕೈಗೆ ಹಿತವಾದ ನಡುಕವಷ್ಟೇ ತಾಗುತ್ತದೆ. ಮೈಸೂರಿನ ಯೆಜ್ಡಿಯ ಎರಡು ಸ್ಟ್ರೋಕಿನ ಸದ್ದಿಗೆ ಒಗ್ಗಿದ್ದ ನನ್ನ ಕಿವಿಗೆ ಈ ಗಂಭೀರ ಲಯ ಹೊಸದು, ಕೇಳಿದಷ್ಟೂ ಇಷ್ಟವಾಯಿತು. ಟ್ಯಾಂಕಿನಿಂದ ಸೀಟಿನವರೆಗೆ ಸಾಗುವ ರೇಖೆಯೂ ಮೂರರಲ್ಲಿ ಇದರದೇ ಚೆಂದ.

ಇದರ ತೊಡಕು ಇರುವುದು ನಿರ್ವಹಣೆಯಲ್ಲಿ. ಎಂಜಿನ್ನಿನ ಒಳಭಾಗಕ್ಕೆ ವಿರಾಗೊದ ನೆರವುಂಟು, ಆದರೆ ಸೈಡ್ ಕವರ್, ಟ್ಯಾಂಕ್, ಸೀಟು ಈ ಮಾದರಿಗಷ್ಟೇ ಹೊಂದುವಂಥವು. ಒಂದು ಮುರಿದರೂ ಹಳೆಯ ಬೈಕಿನಿಂದ ಬಿಚ್ಚಿದ್ದಕ್ಕಾಗಿ ಕಾಯಬೇಕಾಗುತ್ತದೆ. ಎರಡು ಕಾರ್ಬ್ಯುರೇಟರುಗಳು ಸಮವಾಗಿ ಕೆಲಸ ಮಾಡದಿದ್ದರೆ ಬೈಕು ನಿಂತಿರುವಾಗ ಎಂಜಿನ್ನಿನ ಐಡಲಿಂಗ್ ತೊದಲುತ್ತದೆ.

ಹೀಗಿದ್ದರೂ ನನ್ನ ಆಯ್ಕೆ ಎಸ್‌ಆರ್‌ವಿಯೇ. ಹಣ ಕೊಡುವ ಮೊದಲು ಟ್ಯಾಂಕಿನೊಳಗೆ ಟಾರ್ಚ್ ಹಾಯಿಸಿ ತುಕ್ಕು ನೋಡುವೆ, ಕಾರ್ಬ್ಯುರೇಟರು ಕೂರುವ ರಬ್ಬರಿನಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸುವೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನನ್ನೆದುರಿಗೇ ಸ್ಟಾರ್ಟ್ ಮಾಡಿಸುವೆ. ಸೈಡ್ ಕವರುಗಳಲ್ಲಿ ಒಂದು ಇಲ್ಲದಿದ್ದರೂ ಬೆಲೆ ಇಳಿಸದೆ ಕೊಳ್ಳುವುದಿಲ್ಲ.